ಹದಿನೈದು ಕಿಲೋ

ಗಂಜಿನಾಗ ತೊಗರಿ ಚೀಲ ಎತ್ತಿ ಎತ್ತಿ
ಕೈಯೇ ತಕ್ಕಡಿ ಆಗ್ಯಾವ ನಮ್ಮ ಮಾವಗ.
ನನ್ನ ಹೊಸಾ ಸೂಟ್‌ಕೇಸಿನ ಹಿಡಿಕಿ ಹಿಡಿದು
ನೆಲದಿಂದ ಒಂದು ಗೇಣು ಎತ್ತಿ, ಕಣ್ಣು ಮುಚ್ಚಿ ಅಂದ್ರು:
"ಹತ್ತೊಂಬತ್ತೂವರಿ. ನಾಕೂವರಿ ತಗೀಬೇಕವ್ವ."

ವಿಮಾನದವರು ಹದಿನೈದಕ್ಕ ಒಂದು ಗುಂಜಿ ಜಾಸ್ತಿ ಬಿಡಂಗಿಲ್ಲಂತ.
ನಾಳಿ ರಾತ್ರಿ ಹೈದರಾಬಾದಿನ ಬಸ್ಸು,
ಅಲ್ಲಿಂದ ಅಂಡಮಾನು.
ಮದಿವಿ ಆಗಿ ಇವತ್ತಿಗಿ ಹನ್ನೊಂದು ದಿನ.

ಅಡಗಿಮನಿ ಮುಂದ ಶಹಾಬಾದಿ ಫರಸಿ ಮ್ಯಾಲ
ಎಲ್ಲಾ ಹೊರಗ ತಗದು ಹರವಿದೆ.
ಮಧ್ಯಾನದ ಬಿಸಲಿಗಿ ಇಡೀ ಕಲಬುರಗಿ ಕಾದ ಹಂಚು,
ಈ ಕಲ್ಲೊಂದು ತಣ್ಣಗ.

ಮೊದಲು ಹೋಗಿದ್ದು ಕೌದಿ.
"ಹೊಟೇಲದಾಗ ಏಸಿ ಇರ್ತದ, ಥಂಡಿ ಆದ್ರ?" ಅಂತ
ಅವ್ವ ತವರಿಂದ ಕಟ್ಟಿ ಕೊಟ್ಟಿದ್ದು.
ಆಮ್ಯಾಲ ಸ್ಟೀಲಿನ ತಂಬಗಿ.
ಆಮ್ಯಾಲ ಇವರ ಮದಿವಿ ಬೂಟು.
ಉಸುಕಿನಾಗ ಬೂಟು ಹಾಕ್ಕೊಂಡು ಯಾರಿಗಿ ತೋರಸ್ತೀರಿ
ಅಂತ ಕೇಳಬೇಕಂದೆ.
ಇನ್ನಾ ಅಷ್ಟು ಸಲಿಗಿ ಆಗಿಲ್ಲ.

ಬಾಜೂ ಮನಿ ಬಿಲ್ಕೀಸ್ ಆಪಾ ಬಂದು
ಎರಡು ನಿಂಬಿಹಣ್ಣು ಇಟ್ಟು ಹೋದ್ರು,
"ಜಹಾಜಿನಾಗ ಹೊಟ್ಟಿ ತೊಳಸಿದ್ರ ಮೂಸು."
ತಾವು ಜಹಾಜು ಹತ್ತಿಲ್ಲ, ಅವರ ನಾನಿ ಹತ್ತಿದ್ದರಂತ,
ಹಜ್‌ಗೆ.
ನಿಂಬಿಹಣ್ಣಿಗಿ ತೂಕ ಹಿಡಿಯೂದು ಬ್ಯಾಡ ಅಂದ್ರು ಮಾವ.

ಅತ್ತಿ ಬಾಗಿಲಿಗಿ ಆತು ಕುಂತು
ಬಳ್ಳೊಳ್ಳಿ ಸುಲೀತಿದ್ರು.
"ಎಷ್ಟು ಜೋಡಿ ಬಟ್ಟಿ?"
"ಎರಡೆರಡು ಸಾಕಲ್ರಿ. ಒಗದು ಹಾಕಿದ್ರ ಆತು."
ನಮ್ಮ ಕಡಿ ಮಾಳಗಿ ಮ್ಯಾಲ ಸೀರಿ ಹರವಿ
ನಿಚ್ಚಣಕಿ ಇಳಿಯೂದ್ರಾಗ ಒಣಗಿರ್ತದ.
"ಅಲ್ಲಿ ಒಣಗಂಗಿಲ್ಲ. ನನ್ನ ತಮ್ಮ ಮಂಗಳೂರಾಗ ಪೊಲೀಸ ಇದ್ದ,
ಅವನ ಬನಿಯನ್ನು ಮೂರು ದಿನ ಹಸಿ."
ಹಸಿ ಅನ್ನೂ ಮಾತು ಆಕಿ ಬಾಯಾಗ
ದೂರದ ಬೀಗರ ಹೆಸರಿನಂಗ ಕೇಳಸ್ತು.

ಟವೆಲಿನ ಮಡಿಕಿಯಾಗ ಒಂದು ಪೊಟ್ಣ ಇತ್ತು,
ಪೇಪರಿನಾಗ ಸುತ್ತಿದ್ದು.
ಸೂಪರ್ ಮಾರ್ಕೆಟಿನಾಗ ಗೆಳತೀನ ಕರ್ಕೊಂಡು ಹೋಗಿ ತಂದ ಡ್ರೆಸ್ಸು,
ನೀರಾಗ ಹಾಕ್ಕೊಳ್ಳೂದು.
ಮಣಕಾಲ ತನಕ ಅದ, ತೋಳೂ ಅದಾವ,
ಆದ್ರೂ ಅತ್ತಿ ಟವೆಲ್ ಎತ್ತಿದಾಗ ನನ್ನ ಎದಿ ಡವಡವ.
ಕೈಯಾಗ ತೂಗಿ ನೋಡಿದ್ರು. ಬಿಚ್ಚಲಿಲ್ಲ.
"ಹಗುರ ಅದ. ಇರಲಿ."

ಸ್ವಲ್ಪ ಹೊತ್ತಿನ ಮ್ಯಾಲ, ಬಳ್ಳೊಳ್ಳಿಗಿ ಹೇಳಿದಂಗ:
"ನಾವೂ ಹೋಗಿದ್ವಿ, ಮದಿವಿ ಆದ ವಾರಕ್ಕ, ಗಾಣಗಾಪುರಕ್ಕ.
ಅತ್ತಿ, ಮಾವ, ನಾದನಿ ಮಕ್ಕಳು, ಹದಿಮೂರು ಮಂದಿ.
ಸಂಗಮದಾಗ ನಮ್ಮಿಬ್ಬರಿಗೇ ಅಂತ ಸಿಕ್ಕಿದ್ದು
ಒಂದು ಮುಳುಗು."
ಮಾವ ಪಡಸಾಲಿಗಿ ಎದ್ದು ಹೋದ್ರು,
ಏನೋ ನೆನಪಾದವರಂಗ.

ಮತ್ತ ಎತ್ತಿದಾಗ ಹದಿನಾರು.
ಉಳದದ್ದು ರೊಟ್ಟಿ ಗಂಟು: ಐವತ್ತು ಖಡಕ್ ರೊಟ್ಟಿ,
ಒಂದು ಡಬ್ಬಿ ಶೇಂಗಾ ಹಿಂಡಿ.
ಅದರ ಮ್ಯಾಲ ಕೈ ಇಟ್ಟು ಸುಮ್ಮನ ಕುಂತೆ.

ಆಗ ಅಂಬಾರಾಯರು ಒಳಗ ಬಂದ್ರು,
ಕಿವಿ ಕೆಂಪು ಮಾಡಿಕೊಂಡು.
ತಮ್ಮ ಅಂಗಿಗಳ ಬುಡದಾಗ ಕೈ ಹಾಕಿ
ಒಂದು ಸಣ್ಣ ಇಸ್ತ್ರಿ ಪೆಟಗಿ ಹೊರಗ ತಗದ್ರು.
ಈ ಮನುಷ್ಯನ ಲುಂಗಿಗೂ ಗೆರಿ ಇರ್ತಾವ.
"ಇದು ಇರಲಿ ಬಿಡ್ರಿ ಇಲ್ಲೇ" ಅಂದ್ರು.
ಹನ್ನೊಂದು ದಿನ ಆತು, ಇನ್ನಾ ನನಗ 'ರೀ' ಅಂತಾರ.

"ಅಂಗಿ ಮುದ್ದಿ ಆಗ್ತಾವಲ್ರಿ."
"ಆಗಲಿ."
"ಸಮುದ್ರದ ಗಾಳಿಗಿ ರೊಟ್ಟಿನೂ ಮೆತ್ತಗಾಗ್ತಾವಂತ."
ಅವರು ಗಂಟು ನೋಡಿದ್ರು, ನನ್ನ ನೋಡಿದ್ರು,
"ಹಂಗೇ ತಿನ್ನೂಣು."
ರೀ ಅನ್ನೂದು ಮರತಿದ್ರು.

ಮಾವ ಎತ್ತಿ ನೋಡಿ ತಲಿ ಹಾಕಿದ್ರು: ಬರೋಬ್ಬರಿ.

ಗಾಳಿ ಆಡಬಾರದಂತ ಅತ್ತಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ರು.
ಇಸಕೊಂಡೆ, ಮಡಚಿ ಗೂಡಿನಾಗ ಇಟ್ಟೆ.
ರೊಟ್ಟಿ ಮತ್ತ ಅರಬಿಯಾಗೇ ಕಟ್ಟಿದೆ,
ಸಡಲ ಗಂಟು.